ದಂಡಿನ ಊರಿನ ಡೇರೆಗಳು

ಕೆಲವು ವರ್ಷಗಳ ಹಿಂದಿನ ಮಾತು. ಶಿವಾಜಿನಗರದ ಒಂದು ಗಲ್ಲಿಯಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಮೇ ತಿಂಗಳು. ಬೆಳಿಗ್ಗೆಯಿಂದ ಸುಡುವ ಬಿಸಿಲು. ಮನೆಯ ಮುಂದೆ ರಸ್ತೆಯ ಆಚೆಯಿಂದ ಈಚೆಗೆ ಕೆಂಪು-ಹಳದಿ ಪಟ್ಟೆಯ ಶಾಮಿಯಾನ ಕಟ್ಟಲಾಗಿತ್ತು. ಸಂಜೆ ನಾಲ್ಕರ ಹೊತ್ತಿಗೆ ಆಕಾಶ ಕಪ್ಪಾಯಿತು. ಮೊದಲು ಧೂಳು, ಆಮೇಲೆ ಗಾಳಿ. ನಾವು ನೋಡುತ್ತಿದ್ದಂತೆಯೇ ಶಾಮಿಯಾನದ ಹೊಟ್ಟೆ ಉಬ್ಬಿತು, ಕಂಬಗಳು ನೆಲ ಬಿಟ್ಟು ಮೇಲೆದ್ದವು, ಒಂದು ಕಂಬ ಕುರ್ಚಿಗಳ ಸಾಲಿನ ಮೇಲೆ ಬಿತ್ತು. ಅದೃಷ್ಟಕ್ಕೆ ಆ ಸಾಲಿನ ಮಕ್ಕಳು ಶರಬತ್ತಿಗಾಗಿ ಒಳಗೆ ಓಡಿದ್ದರು. ದೊಡ್ಡ ದೇಗಿನ ಪಕ್ಕದಲ್ಲಿ ನಿಂತಿದ್ದ ಅಡುಗೆಯವನ ಭುಜಕ್ಕೆ ಪೆಟ್ಟಾಯಿತು.

ಗಾಳಿ ನಿಂತ ಮೇಲೆ ಹಗ್ಗ ಸುತ್ತುತ್ತಿದ್ದ ವಯಸ್ಸಾದ ಕೆಲಸಗಾರರೊಬ್ಬರನ್ನು ಕೇಳಿದೆವು: "ಏನು ಚಾಚಾ, ಇನ್ನೂ ಗಟ್ಟಿಯಾಗಿ ಕಟ್ಟಬಾರದಿತ್ತೇ?" ಅವರು ತಲೆಯೆತ್ತದೆ ಹೇಳಿದರು: "ಗಟ್ಟಿ ಕಟ್ಟೋಕೆ ನೆಲ ಎಲ್ಲಿದೆ ಸಾಬ್? ಡಾಂಬರಿನಲ್ಲಿ ಗೂಟ ಹೊಡೆಯೋಕೆ ಬಿಡ್ತಾರಾ? ಮೂರು ಕಡೆ ಕನಾತು ಬೇಡ ಅಂದೆ, ನಿಮ್ಮವರು ಹೆಂಗಸರ ಕಡೆ ಮರೆ ಬೇಕು ಅಂದ್ರು. ಗಾಳಿಗೆ ಬರೋ ದಾರಿ ಇತ್ತು, ಹೋಗೋ ದಾರಿ ಇರಲಿಲ್ಲ." ಹಗ್ಗದ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಹೊರಟುಹೋದರು. ಅವರ ಹೆಸರನ್ನೂ ನಾವು ಕೇಳಲಿಲ್ಲ.

ಹೆಸರು ಕೇಳದಿದ್ದದ್ದು ಆಮೇಲೆ ನಮ್ಮನ್ನು ಕಾಡಿತು. ಏಕೆಂದರೆ ಅವರು ನಿಂತಿದ್ದ ಊರೇ ಡೇರೆಯಿಂದ ಹುಟ್ಟಿದ ಊರು. ಕನ್ನಡಿಗರು ಅದನ್ನು ದಂಡು ಎಂದರು. ಶಿವಾಜಿನಗರದ ದಂಡು ಮಾರಿಯಮ್ಮನ ಗುಡಿಯಲ್ಲಿ, ದಂಡು ರೈಲು ನಿಲ್ದಾಣದಲ್ಲಿ ಆ ಹೆಸರು ಇಂದಿಗೂ ಉಳಿದಿದೆ. ಅಲ್ಲಿನ ಮುಸ್ಲಿಮರು ಅದನ್ನು ಲಷ್ಕರ್ ಎಂದರು. ಫಾರ್ಸಿಯಲ್ಲಿ ಅದರ ಅರ್ಥವೂ ಸೈನ್ಯ ಎಂದೇ. ಅವರು ಆಡುವ ಉರ್ದು ಭಾಷೆಯ ಹೆಸರು ಬಂದದ್ದು ದಂಡು, ಪಾಳೆಯ ಎಂಬರ್ಥದ ತುರ್ಕಿ ಪದದಿಂದ. ಇನ್ನು ನಮ್ಮ ಹಳೆಯ ಶಾಸನಗಳನ್ನು ನೋಡಿದರೆ ಅರಸರ ರಾಜಧಾನಿಯನ್ನೇ 'ನೆಲೆವೀಡು' ಎಂದು ಕರೆದಿರುವುದು ಕಾಣುತ್ತದೆ. ಬೀಡು ಎಂದರೆ ಬಿಡಾರ. ನೆಲೆ ನಿಂತ ಬಿಡಾರವೇ ರಾಜಧಾನಿ! ಕಲ್ಲಿನ ಕಟ್ಟಡಗಳ ಇತಿಹಾಸವನ್ನು ನಾವು ಸಾಕಷ್ಟು ಬರೆದಿದ್ದೇವೆ. ಅವುಗಳಿಗಿಂತ ಮೊದಲು ಅದೇ ನೆಲದ ಮೇಲೆ ನಿಂತ ಬಟ್ಟೆಯ ಊರನ್ನು, ಅದನ್ನು ಗಾಳಿಮಳೆಯಲ್ಲಿ ನಿಲ್ಲಿಸಿದ ಕೈಗಳನ್ನು ಕುರಿತು ಬರೆದದ್ದು ಕಡಿಮೆ.

ಡೇರೆ, ಶಾಮಿಯಾನ, ಕನಾತು. ಈ ಮೂರು ಪದಗಳನ್ನೂ ನಾವು ಹೊರಗಿನಿಂದ ಪಡೆದು ನಮ್ಮದಾಗಿಸಿಕೊಂಡಿದ್ದೇವೆ. ಇವುಗಳ ಹಿಂದೆ ಮೊಗಲರ ಕಾಲದಲ್ಲಿ ಒಂದು ಇಡೀ ಇಲಾಖೆಯೇ ಇತ್ತು. ಅದರ ಹೆಸರು ಫರ್ರಾಶ್‌ಖಾನೆ. ಅಕ್ಬರನ ಆಡಳಿತವನ್ನು ವಿವರಿಸುವ 'ಆಯಿನೆ ಅಕ್ಬರಿ'ಯಲ್ಲಿ ಅಬುಲ್ ಫಜಲ್ ಇದಕ್ಕಾಗಿ ಪ್ರತ್ಯೇಕ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಅತಿ ದೊಡ್ಡ ಡೇರೆಯಾದ 'ಬಾರ್‌ಗಾಹ್'ನ ಅಡಿಯಲ್ಲಿ ಹತ್ತು ಸಾವಿರ ಜನ ಸೇರಬಹುದಿತ್ತು, ಅದನ್ನು ಎತ್ತಿ ನಿಲ್ಲಿಸಲು ಸಾವಿರ ಫರ್ರಾಶರಿಗೆ ಒಂದು ವಾರ ಬೇಕಾಗುತ್ತಿತ್ತು ಎನ್ನುತ್ತಾನೆ. ಬಾದಶಹನ ಪಾಳೆಯದ ಸಾಮಾನು ಸಾಗಿಸಲು 100 ಆನೆ, 500 ಒಂಟೆ, 400 ಗಾಡಿಗಳ ಲೆಕ್ಕವನ್ನೂ ಕೊಡುತ್ತಾನೆ. ಆಸ್ಥಾನ ಇತಿಹಾಸಕಾರನ ಉತ್ಪ್ರೇಕ್ಷೆಗೆ ಸ್ವಲ್ಪ ಕಳೆದರೂ ಉಳಿಯುವುದು ಸಣ್ಣ ಸಂಗತಿಯಲ್ಲ. ಒಂದೇ ಬಗೆಯ ಎರಡು ಪಾಳೆಯಗಳಿರುತ್ತಿದ್ದವು. ಬಾದಶಹ ಒಂದರಲ್ಲಿ ಮಲಗಿದ್ದಾಗ ಇನ್ನೊಂದು ಮುಂದಿನ ತಂಗುದಾಣಕ್ಕೆ ಹೋಗಿ ಸಿದ್ಧವಾಗುತ್ತಿತ್ತು. ಆ ಸಾವಿರ ಫರ್ರಾಶರಲ್ಲಿ ಒಬ್ಬನ ಹೆಸರಾದರೂ ನಮಗೆ ಗೊತ್ತಿದೆಯೇ?

ಅರಬರಲ್ಲಂತೂ ಡೇರೆ ಕಾವ್ಯದ ಒಳಗೇ ಬಂದು ಕೂತಿದೆ. ಎಂಟನೆಯ ಶತಮಾನದಲ್ಲಿ ಅಲ್ ಖಲೀಲ್ ಇಬ್ನ್ ಅಹ್ಮದ್ ಅರಬಿ ಛಂದಸ್ಸನ್ನು ಶಾಸ್ತ್ರವಾಗಿ ಕಟ್ಟಿದಾಗ ಪದಗಳನ್ನು ತಂದದ್ದು ಮರಳುಗಾಡಿನ ಬಿಡಾರದಿಂದ. ಪದ್ಯದ ಒಂದು ಘಟಕ 'ಬೈತ್', ಎಂದರೆ ಮನೆ, ಡೇರೆ. ಅದರ ಅರ್ಧ 'ಮಿಸ್ರಾ', ಬಾಗಿಲಿನ ಒಂದು ರೆಕ್ಕೆ. ಅಕ್ಷರಗಣಗಳಲ್ಲಿ ಒಂದು 'ಸಬಬ್', ಹಗ್ಗ. ಇನ್ನೊಂದು 'ವತದ್', ಗೂಟ. ಶಿವಾಜಿನಗರದ ಮುಶಾಯಿರಾಗಳಲ್ಲಿ "ಮಿಸ್ರಾ ಉಠಾಯಿಯೆ" ಎಂದು ಕೂಗುವವರಿಗೆ ತಾವು ಡೇರೆಯ ಬಾಗಿಲೆತ್ತುತ್ತಿದ್ದೇವೆ ಎಂಬುದು ನೆನಪಿರಲಿಕ್ಕಿಲ್ಲ. ಉಮರ್ ಖಯ್ಯಾಮನ ಹೆಸರಿನಲ್ಲಿರುವ 'ಖಯ್ಯಾಮ್' ಕೂಡ ಡೇರೆ ಹೊಲಿಯುವವನು ಎಂಬ ಅರ್ಥದ್ದೇ.

ಬೆದವಿನರ ಆಡಿನ ಕೂದಲಿನ ಕಪ್ಪು ಡೇರೆ ನೋಡಲು ಬಡಕಲು. ಆದರೆ ಗಾಳಿಯ ವಿಷಯದಲ್ಲಿ ಅದರಷ್ಟು ಜಾಣ ಡೇರೆ ಇನ್ನೊಂದಿಲ್ಲ. ಅದು ತಗ್ಗು, ಉದ್ದ. ಬೆನ್ನನ್ನು ಗಾಳಿಗೆ ಕೊಟ್ಟು ಕೂರುತ್ತದೆ. ಹಗ್ಗಗಳು ಬಹಳ ದೂರಕ್ಕೆ ಚಾಚಿಕೊಂಡಿರುತ್ತವೆ. ಒಣಗಿದಾಗ ನೇಯ್ಗೆ ಸಡಿಲವಿದ್ದು ಗಾಳಿ ತೂರುತ್ತದೆ, ಮಳೆ ಬಿದ್ದಾಗ ನೂಲು ಉಬ್ಬಿ ನೇಯ್ಗೆ ಮುಚ್ಚಿಕೊಳ್ಳುತ್ತದೆ. ನಮ್ಮ ಕುರುಬರ ಕಂಬಳಿಯ ಗುಟ್ಟೂ ಇದೇ. ತೆಂಗಿನ ಗರಿಯ ಮದುವೆ ಚಪ್ಪರ ಆಷಾಢದ ಗಾಳಿಗೂ ಹಾರಿಹೋಗದಿದ್ದದ್ದು ಅದರ ಬಲದಿಂದಲ್ಲ, ಅದರ ಸಂದುಗಳಿಂದ.

ಬೆಂಗಳೂರಿಗೆ ಬರೋಣ. 1791ರ ಮಾರ್ಚ್ ಮೊದಲ ವಾರದಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಟಿಪ್ಪು ಸುಲ್ತಾನರ ಬೆಂಗಳೂರಿನ ಮುಂದೆ ಡೇರೆ ಹಾಕಿತು. 7ರಂದು ಪೇಟೆ, 21ರ ರಾತ್ರಿ ಕೋಟೆ ಅವನ ಕೈವಶವಾಯಿತು. ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಹೊರಟವನನ್ನು ತಡೆದದ್ದರಲ್ಲಿ ಟಿಪ್ಪುವಿನ ಸೈನ್ಯದಷ್ಟೇ ಪಾಲು ಮಳೆಗೂ ಇತ್ತು. ಮೇ ತಿಂಗಳಲ್ಲಿ ಅರಕೆರೆಯ ಬಳಿ ಯುದ್ಧ ಗೆದ್ದರೂ ಎತ್ತುಗಳು ಸಾಲುಸಾಲಾಗಿ ಸತ್ತವು, ದವಸ ಮುಗಿಯಿತು. ಕೊನೆಗೆ ಕಾರ್ನ್‌ವಾಲಿಸ್ ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶ ಮಾಡಿ ಬೆಂಗಳೂರಿನ ಕಡೆ ಹಿಂದಿರುಗಬೇಕಾಯಿತು. ಸೈನ್ಯದ ಡೇರೆಗಳೆಲ್ಲ ಎತ್ತು, ಆನೆಗಳ ಬೆನ್ನ ಮೇಲೆ ಸಾಗುತ್ತಿದ್ದ ಕಾಲ ಅದು. ಒಣ ಡೇರೆ ಹೊರುವ ಎತ್ತು ನೆನೆದ ಡೇರೆಯನ್ನು ಹೊರಲಾರದು. ಹತ್ತಿಬಟ್ಟೆ ನೀರು ಕುಡಿದರೆ ಅದರ ಭಾರ ಎಷ್ಟಾಗುತ್ತದೆ ಎಂಬುದು ಮನೆಯಲ್ಲಿ ಜಮಖಾನ ಒಗೆದವರಿಗೆಲ್ಲ ಗೊತ್ತು.

1799ರಲ್ಲಿ ಟಿಪ್ಪು ಹುತಾತ್ಮರಾದ ಮೇಲೆ ಅವರ ಸಂಪತ್ತಿನೊಂದಿಗೆ ಒಂದು ಡೇರೆಯೂ ಹಡಗು ಹತ್ತಿತು. ಬಿಳಿ ಹತ್ತಿಬಟ್ಟೆಯ ಮೇಲೆ ಹೂಕುಂಡಗಳ ಚಿತ್ತಾರವಿರುವ ಆ ಚೀಟಿನ ಡೇರೆ ಇಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಆಗಿನ ಮದ್ರಾಸ್ ಗವರ್ನರ್ ಎಡ್ವರ್ಡ್ ಕ್ಲೈವನ ಮನೆತನಕ್ಕೆ ಅದು ಸೇರಿತು. ಅವರು ಅದನ್ನು ತಮ್ಮ ತೋಟದ ಔತಣಕೂಟಗಳಲ್ಲಿ ಶಾಮಿಯಾನವಾಗಿ ಬಳಸಿದರಂತೆ. ಸುಲ್ತಾನರ ಖಡ್ಗಗಳ ಹರಾಜಿನ ಬಗ್ಗೆ ನಮ್ಮ ಪತ್ರಿಕೆಗಳು ಎಷ್ಟೊಂದು ಬರೆದವು. ಈ ಡೇರೆಯ ಬಗ್ಗೆ ಬರೆದದ್ದು ತೀರಾ ಕಡಿಮೆ. ಹಗ್ಗ, ಗೂಟಗಳಿಗೆ ಖಡ್ಗದ ಹೊಳಪಿಲ್ಲವಲ್ಲ!

ದಂಡು ಪ್ರದೇಶ ಸ್ಥಾಪನೆಯಾದದ್ದು 1809ರಲ್ಲಿ. ಶ್ರೀರಂಗಪಟ್ಟಣದ ಮಲೇರಿಯಾ ಜ್ವರಕ್ಕೆ ಸೈನಿಕರು ಬಲಿಯಾಗುತ್ತಿದ್ದುದರಿಂದ ಹಲಸೂರಿನ ಬಯಲಿಗೆ ಸೈನ್ಯ ಬಂತು ಎಂದು ನಾವೆಲ್ಲ ಓದಿದ್ದೇವೆ. ಅದು ನಿಜ. ಆದರೆ ಅದೇ ವರ್ಷ ಅದೇ ಸೈನ್ಯದಲ್ಲಿ ಒಂದು ದಂಗೆ ನಡೆಯಿತು, ಅದರ ಮೂಲ ಡೇರೆಯ ಲೆಕ್ಕದಲ್ಲಿತ್ತು ಎಂಬುದನ್ನು ಶಾಲೆಯ ಪುಸ್ತಕಗಳು ಹೇಳುವುದಿಲ್ಲ. ಮದ್ರಾಸ್ ಸೈನ್ಯದಲ್ಲಿ 'ಟೆಂಟ್ ಕಾಂಟ್ರಾಕ್ಟ್' ಎಂಬ ವ್ಯವಸ್ಥೆಯಿತ್ತು. ದೇಶೀ ಪಡೆಗಳ ಇಂಗ್ಲಿಷ್ ಮುಖ್ಯಸ್ಥರಿಗೆ ಡೇರೆ, ಅದನ್ನು ಹೊರುವ ಎತ್ತು, ಆಳುಗಳಿಗಾಗಿ ತಿಂಗಳಿಗೆ ಇಂತಿಷ್ಟು ಎಂದು ನಿಗದಿತ ಹಣ. ಯುದ್ಧವಿರಲಿ, ಪಡೆ ಕೋಟೆಯೊಳಗೆ ಸುಮ್ಮನೆ ಕೂತಿರಲಿ, ಹಣ ಅಷ್ಟೇ. ಅಂದರೆ ಡೇರೆ ಹರಿದಷ್ಟೂ, ಎತ್ತು ಕಡಿಮೆಯಾದಷ್ಟೂ ಸಾಹೇಬರ ಜೇಬಿಗೆ ಲಾಭ. ಕ್ವಾರ್ಟರ್‌ಮಾಸ್ಟರ್ ಜನರಲ್ ಜಾನ್ ಮನ್ರೋ ತನ್ನ ವರದಿಯಲ್ಲಿ ಇದನ್ನೇ ಎತ್ತಿ ತೋರಿಸಿದ: ಈ ಪದ್ಧತಿ ಅಧಿಕಾರಿಯ ಸ್ವಾರ್ಥವನ್ನು ಅವನ ಕರ್ತವ್ಯದ ಎದುರಿಗೆ ನಿಲ್ಲಿಸುತ್ತದೆ. 1808ರಲ್ಲಿ ಗವರ್ನರ್ ಜಾರ್ಜ್ ಬಾರ್ಲೋನ ಸರ್ಕಾರ ಅದನ್ನು ರದ್ದುಪಡಿಸಿತು.

ಅಧಿಕಾರಿಗಳು ಕೆರಳಿದರು. ತಮ್ಮ ಮಾನಕ್ಕೆ ಧಕ್ಕೆಯಾಯಿತು ಎಂದರು. ದಂಡನಾಯಕ ಹೇ ಮ್ಯಾಕ್‌ಡೊವಾಲ್ ಅವರ ಪರ ನಿಂತು 1809ರ ಜನವರಿಯಲ್ಲಿ ಮನ್ರೋನನ್ನು ಬಂಧನದಲ್ಲಿಟ್ಟ. ಸರ್ಕಾರ ಅವನನ್ನು ಬಿಡಿಸಿತು. ಸೇನಾ ಹುದ್ದೆ ಬಿಟ್ಟು ಊರಿಗೆ ಹೊರಟ ಮ್ಯಾಕ್‌ಡೊವಾಲ್ ಏರಿದ್ದ ಹಡಗು 'ಲೇಡಿ ಜೇನ್ ಡಂಡಾಸ್' ಮಾರ್ಚ್ ತಿಂಗಳಲ್ಲಿ ಮಾರಿಷಸ್ ಕಡೆಯ ಸಮುದ್ರದಲ್ಲಿ ಚಂಡಮಾರುತಕ್ಕೆ ಸಿಕ್ಕಿ ಕಾಣೆಯಾಯಿತು. ಡೇರೆಯ ಜಗಳ ಹೊತ್ತಿಸಿದವನನ್ನು ಗಾಳಿಯೇ ಕೊಂಡೊಯ್ಯಿತು ಎಂದು ಬರೆಯುವ ಆಸೆಯಾಗುತ್ತದೆ. ಆದರೆ ಅದೇ ಹಡಗಿನಲ್ಲಿ ಜಗಳಕ್ಕೆ ಸಂಬಂಧವಿಲ್ಲದ ಎಷ್ಟೋ ಜನರಿದ್ದರು.

ಕಿಡಿ ಮಾತ್ರ ಆರಲಿಲ್ಲ. ಮಚಲಿಪಟ್ಟಣ, ಹೈದರಾಬಾದ್, ಶ್ರೀರಂಗಪಟ್ಟಣಗಳಲ್ಲಿ ಇಂಗ್ಲಿಷ್ ಅಧಿಕಾರಿಗಳೇ ತಮ್ಮ ಸರ್ಕಾರದ ವಿರುದ್ಧ ತಿರುಗಿಬಿದ್ದರು. ಆಗಸ್ಟ್‌ನಲ್ಲಿ ಚಿತ್ರದುರ್ಗದಿಂದ ಎರಡು ದೇಶೀ ಪಡೆಗಳನ್ನು ಅವುಗಳ ಅಧಿಕಾರಿಗಳು ಶ್ರೀರಂಗಪಟ್ಟಣದ ಬಂಡುಕೋರರ ಸಹಾಯಕ್ಕೆ ನಡೆಸಿಕೊಂಡು ಹೋದರು. 11ರಂದು ಕೋಟೆಯ ಹತ್ತಿರ ಸರ್ಕಾರಿ ಕುದುರೆ ಸವಾರರೂ ದಿವಾನ್ ಪೂರ್ಣಯ್ಯನವರ ಕಾಲದ ಮೈಸೂರು ಸವಾರರೂ ಅವರ ಮೇಲೆ ಬಿದ್ದರು. ನೂರಾರು ಸಿಪಾಯಿಗಳು ಸತ್ತರು, ಗಾಯಗೊಂಡರು. ಇವರು ಯಾರು? ನಮ್ಮ ಹಳ್ಳಿಗಳ, ತಮಿಳು-ತೆಲುಗು ನಾಡಿನ ಹಿಂದೂ-ಮುಸ್ಲಿಂ ಯುವಕರು. ಡೇರೆಯ ಗುತ್ತಿಗೆಯಿಂದ ಒಂದು ಕಾಸೂ ಅವರ ಕೈಗೆ ಬಂದಿರಲಿಲ್ಲ. ಹರಿದ ಡೇರೆಯಡಿಯಲ್ಲಿ ನೆನೆದವರು ಅವರೇ, ಆ ಡೇರೆಯ ಲಾಭಕ್ಕಾಗಿ ಸತ್ತವರೂ ಅವರೇ. ದಂಗೆ ಅಡಗಿದ ಮೇಲೆ ಬಹುಪಾಲು ಅಧಿಕಾರಿಗಳಿಗೆ ಕ್ಷಮೆ ಸಿಕ್ಕಿತು, ಕೆಲವೇ ಮಂದಿ ವಿಚಾರಣೆಗೊಳಗಾಗಿ ಕೆಲಸ ಕಳೆದುಕೊಂಡರು. ಒಬ್ಬರಿಗೂ ಗಲ್ಲಿಲ್ಲ. ಮೂರು ವರ್ಷಗಳ ಹಿಂದೆ, 1806ರಲ್ಲಿ ವೆಲ್ಲೂರಿನಲ್ಲಿ ಬಂಡೆದ್ದ ಸಿಪಾಯಿಗಳಿಗೆ ಇದೇ ಸರ್ಕಾರ ತೋರಿದ ಕ್ರೌರ್ಯವನ್ನು ನೆನೆದರೆ ವ್ಯತ್ಯಾಸ ಕಾಣುತ್ತದೆ.

ಡೇರೆಯ ಹಣದ ಇತಿಹಾಸ ಹೀಗಾಯಿತು. ಡೇರೆಯ ಕೆಲಸದ ಇತಿಹಾಸ ಬೇರೆ. ಪಡೆಗಳೊಡನೆ 'ಟೆಂಟ್ ಲಸ್ಕರ್'ಗಳೆಂಬ ಆಳುಗಳಿರುತ್ತಿದ್ದರು. ಲಷ್ಕರ್ ಪದವೇ ಇಂಗ್ಲಿಷರ ಬಾಯಲ್ಲಿ ಲಸ್ಕರ್ ಆಗಿ ಸೈನ್ಯ ಎಂಬ ಅರ್ಥದಿಂದ ಕೂಲಿ ಎಂಬ ಅರ್ಥಕ್ಕೆ ಇಳಿದಿತ್ತು. ಇನ್ನೊಂದು ಹೆಸರು ಖಲಾಸಿ. ದಂಡು ಬಂದಿಳಿಯುವ ಮೊದಲೇ ಅವರು ನೆಲ ನೋಡಬೇಕು, ಗಾಳಿ ಯಾವ ದಿಕ್ಕಿನದೆಂದು ತಿಳಿಯಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ದಂಡು ಪ್ರದೇಶದ ದಿಣ್ಣೆಗಳಲ್ಲಿ ಜೂನ್, ಜುಲೈ ತಿಂಗಳ ಪಡುವಣ ಗಾಳಿ ದಿನವಿಡೀ ಒಂದೇ ಕಡೆಯಿಂದ ಬೀಸುತ್ತದೆ. ಅದು ಬಲವಾದದ್ದು, ಆದರೆ ನಂಬಬಹುದಾದದ್ದು. ನಂಬಲಾಗದ್ದು ಅಶ್ವಿನಿ, ಭರಣಿ ಮಳೆಗಳ ಗಾಳಿ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿನ ಜೊತೆ ಬರುವ ಅದು ಐದು ನಿಮಿಷದಲ್ಲಿ ದಿಕ್ಕು ಬದಲಿಸುತ್ತದೆ. ಗಾಳಿ ಬಂದಾಗ ತೂರಿಕೋ ಎಂಬುದು ಕಣದಲ್ಲಿ ನಿಂತ ರೈತನ ಮಾತು. ಡೇರೆಯವನಿಗೆ ಗಾಳಿ ಬರುವ ಮೊದಲೇ ಎಲ್ಲ ಮುಗಿದಿರಬೇಕು.

ಆ ಮುಗಿಸುವ ಕ್ರಮದಲ್ಲಿ ಒಂದು ಶಾಸ್ತ್ರವೇ ಇದೆ. ಗಾಳಿಯ ಕಡೆಯ ಗೂಟವನ್ನು ಮೊದಲು ಹೊಡೆಯಬೇಕು, ಆಮೇಲೆ ಬಟ್ಟೆ ಬಿಚ್ಚಬೇಕು. ಬಟ್ಟೆ ಬಿಚ್ಚಿಯಾದ ಮೇಲೆ ಗೂಟ ಹುಡುಕುವವನು ಗಾಳಿಪಟ ಹಾರಿಸುತ್ತಾನೆ. ಗೂಟ ನೆಟ್ಟಗಿರಬಾರದು, ಅದರ ತಲೆ ಡೇರೆಯಿಂದ ಆಚೆಗೆ ವಾಲಿರಬೇಕು. ಹಗ್ಗ ಗೂಟವನ್ನು ಮೇಲಕ್ಕೆ ಕೀಳದೆ ಅಡ್ಡಕ್ಕೆ ಎಳೆಯುವಂತಿರಬೇಕು. ಅದಕ್ಕಾಗಿ ಹಗ್ಗ ಕಂಬದ ಎತ್ತರದಷ್ಟಾದರೂ ದೂರಕ್ಕೆ ಹೋಗಬೇಕು. ಇನ್ನು ಮಳೆ ಬರುವ ಮುನ್ನ ಹಗ್ಗ ಸಡಿಲಿಸಬೇಕು. ಹೊಸಬರಿಗೆ ಇದು ಹುಚ್ಚೆನಿಸುತ್ತದೆ. ಆದರೆ ಸೆಣಬು, ಹತ್ತಿ, ನಾರಿನ ಹಗ್ಗ ನೆನೆದರೆ ಕುಗ್ಗುತ್ತದೆ, ಕುಗ್ಗಿದ ಹಗ್ಗ ತಾನೇ ಗೂಟವನ್ನು ಕಿತ್ತು ಹಾಕುತ್ತದೆ. ಸೈನ್ಯದ ಡೇರೆಗಳಲ್ಲಿ ಕಾವಲಿನವನು ರಾತ್ರಿ ಎದ್ದು ಹಗ್ಗ ಬಿಡುತ್ತಿದ್ದುದು ಇದಕ್ಕೇ. ಇಂದಿನ ನೈಲಾನ್ ಹಗ್ಗದ ಗುಣ ತದ್ವಿರುದ್ಧ, ಅದು ನೆನೆದರೆ ಹಿಗ್ಗುತ್ತದೆ, ಬಿಗಿಯಬೇಕು. ಹಳೆಯ ಪಾಠ ಕಲಿತವನ ಕೈಗೆ ಹೊಸ ಹಗ್ಗ ಬಂದರೆ ಗೊಂದಲವಾಗದೆ ಇರುತ್ತದೆಯೇ?

ಗಾಳಿಯ ಬಲದ ಲೆಕ್ಕವೂ ಸಾಮಾನ್ಯದ್ದಲ್ಲ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 30 ಕಿಲೋಮೀಟರ್ ಗಾಳಿ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು 4 ಕಿಲೋ ಭಾರ ಹಾಕಿದರೆ, 60 ಕಿಲೋಮೀಟರ್ ಗಾಳಿ 17 ಕಿಲೋ ಹಾಕುತ್ತದೆ. 15 ಅಡಿಗೆ 15 ಅಡಿಯ ಒಂದು ಶಾಮಿಯಾನದ ಹೊಟ್ಟೆಯೊಳಗೆ ಆ ಗಾಳಿ ನುಗ್ಗಿದರೆ ಅದನ್ನು ಮೇಲಕ್ಕೆತ್ತುವ ಬಲ ಮೂರೂವರೆ ಕ್ವಿಂಟಲ್‌ನಷ್ಟಾಗಬಹುದು. ನಮ್ಮ ಮದುವೆಯ ಕಂಬಗಳ ಬುಡಕ್ಕೆ ಕಟ್ಟಿದ್ದದ್ದು ಎರಡೆರಡು ಇಟ್ಟಿಗೆ.

ನೆಲ ಬದಲಾದಂತೆ ಗೂಟ ಬದಲಾಗಬೇಕು. ಕೆನಡಾ, ಅಮೆರಿಕದ ಉತ್ತರ ಭಾಗಗಳಲ್ಲಿ ಚಳಿಗಾಲಕ್ಕೆ ಸರೋವರಗಳು ಹೆಪ್ಪುಗಟ್ಟುತ್ತವೆ. ಜನ ಆ ಮಂಜುಗಡ್ಡೆಯ ಮೇಲೆ ಮಡಚುವ ಡೇರೆ ಹಾಕಿಕೊಂಡು, ತೂತು ಕೊರೆದು ಮೀನು ಹಿಡಿಯುತ್ತಾರೆ. ಮರವಿಲ್ಲ, ಗೋಡೆಯಿಲ್ಲ, ಗಾಳಿಗೆ ಅಡ್ಡವಾಗಿ ಏನೂ ಇಲ್ಲ. ಗೂಟ ಹೊಡೆದರೆ ಮಂಜು ಬಿರಿಯುತ್ತದೆ. ಅವರು ಉದ್ದನೆಯ ತಿರುಪುಮೊಳೆಯನ್ನು ಮಂಜಿನೊಳಗೆ ತಿರುಗಿಸಿ ಅದಕ್ಕೆ ಹಗ್ಗ ಕಟ್ಟುತ್ತಾರೆ, ಡೇರೆಯ ಅಂಚಿನ ಮೇಲೆ ಹಿಮ ಸುರಿದು ಗಾಳಿ ಅಡಿಯಿಂದ ನುಗ್ಗದಂತೆ ಮಾಡುತ್ತಾರೆ. ಅವರೂ ಗಾಳಿಯ ಕಡೆಯನ್ನೇ ಮೊದಲು ಕಟ್ಟುವುದು. ಮರಳಿನಲ್ಲಿ ಗೂಟ ನಿಲ್ಲದಿದ್ದಾಗ ಮರಳು ತುಂಬಿದ ಚೀಲವನ್ನೇ ಹೂತು ಹಗ್ಗ ಕಟ್ಟುವ ಉಪಾಯವಿದೆ. ಡಾಂಬರಿಗೆ, ಕಾಂಕ್ರೀಟಿಗೆ ನಾವು ಕಂಡುಕೊಂಡ ಉಪಾಯ ಯಾವುದು? ವಿದ್ಯುತ್ ಕಂಬ, ಎದುರು ಮನೆಯ ಕಿಟಕಿಯ ಸರಳು, ನಿಂತ ಆಟೋರಿಕ್ಷಾ! ನೀರು ತುಂಬಿದ ಡ್ರಮ್ಮನ್ನೋ ಸಾಕಷ್ಟು ಮರಳಿನ ಮೂಟೆಗಳನ್ನೋ ಪ್ರತಿ ಕಂಬಕ್ಕೂ ಇಡಬಹುದು. ಆದರೆ ಅದಕ್ಕೆ ಬಾಡಿಗೆ ಹೆಚ್ಚಾಗುತ್ತದೆ, ಕೊಡುವವರು ಯಾರು?

ಗಾಳಿ ಡೇರೆಯನ್ನು ಕೆಡವುವುದಷ್ಟೇ ಅಲ್ಲ, ಬೆಂಕಿಯನ್ನೂ ಹೊತ್ತು ತರುತ್ತದೆ. 1997ರ ಏಪ್ರಿಲ್ 15ರಂದು ಹಜ್ ವೇಳೆ ಮೀನಾ ಬಯಲಿನ ಡೇರೆಗಳಿಗೆ ಬೆಂಕಿ ಬಿದ್ದಾಗ ಬೀಸುತ್ತಿದ್ದ ಬಿರುಗಾಳಿ ಅದನ್ನು ಸಾಲಿನಿಂದ ಸಾಲಿಗೆ ದಾಟಿಸಿತು. ಸುಮಾರು 70 ಸಾವಿರ ಡೇರೆಗಳು ಬೂದಿಯಾದವು, 343 ಹಾಜಿಗಳು ತೀರಿಕೊಂಡರು. ಅವರಲ್ಲಿ ಭಾರತೀಯರು ಅನೇಕರಿದ್ದರು. ಅದರ ನಂತರ ಅಲ್ಲಿ ಬಟ್ಟೆಯ ಡೇರೆ ಹೋಗಿ, ಟೆಫ್ಲಾನ್ ಲೇಪಿಸಿದ ಗಾಜುನಾರಿನ ಕಾಯಂ ಡೇರೆಗಳು ಬಂದವು. ಒಳಗೆ ಅಡುಗೆಯ ಗ್ಯಾಸ್ ನಿಷೇಧವಾಯಿತು. ನಮ್ಮ ಬೆಂಗಳೂರು 1981ರ ಫೆಬ್ರವರಿ 7ರಂದು ವೀನಸ್ ಸರ್ಕಸ್ಸಿನ ಡೇರೆ ಹೊತ್ತಿ ಉರಿದದ್ದನ್ನು ಕಂಡಿತ್ತು. ಅಂದು ಸತ್ತವರು 92 ಮಂದಿ, ಅವರಲ್ಲಿ ಹೆಚ್ಚಿನವರು ಮಕ್ಕಳು. ಮೀನಾದಲ್ಲಿ ಆದ ಬದಲಾವಣೆಯನ್ನು ಓದುವಾಗ ನಮ್ಮ ಗಲ್ಲಿಯ ಶಾಮಿಯಾನದ ಅಂಚಿನಲ್ಲೇ ಉರಿಯುವ ಬಿರಿಯಾನಿಯ ಒಲೆ ನೆನಪಾಗುತ್ತದೆ. ಕನಾತಿಗೂ ಒಲೆಗೂ ನಡುವೆ ಎರಡು ಮಾರು ಬಿಡಿ ಎಂದರೆ ಮನೆಯವರು ಜಾಗವಿಲ್ಲ ಎನ್ನುತ್ತಾರೆ.

ದಂಡಿನ ಕಲ್ಲುಮನೆಗಳು ಎದ್ದ ಮೇಲೆ ಡೇರೆ ಅಲ್ಲಿಂದ ಹೋಗಲಿಲ್ಲ, ಸೈನ್ಯದಿಂದ ಸಂತೆಗೆ ಇಳಿಯಿತು. ರಂಜಾನಿನ ಇಫ್ತಾರ್, ಸಪ್ಟೆಂಬರಿನಲ್ಲಿ ಸೇಂಟ್ ಮೇರಿ ಬೆಸಿಲಿಕಾದ ಹಬ್ಬ, ಹಲಸೂರಿನ ಪಲ್ಲಕ್ಕಿ, ಗಣೇಶನ ಪೆಂಡಾಲು, ಸಾವಿನ ಮನೆಯ ಮುಂದಿನ ನೆರಳು, ಎಲ್ಲಕ್ಕೂ ಅದೇ ಕಂಬ, ಅದೇ ಹಗ್ಗ. ಕಟ್ಟುವವರೂ ಅವರೇ. ದಖ್ಖನಿ, ತಮಿಳು, ಕನ್ನಡ ಮೂರನ್ನೂ ಬೆರೆಸಿ ಆಡುವ ಹುಡುಗರು. ಚುನಾವಣಾ ಸಭೆಗಳಿಗೂ ಇವರೇ ಬೇಕು. ಗೂಟದ ಕಾರಿನಲ್ಲಿ ಬಂದಿಳಿಯುತ್ತಿದ್ದ ಮಂತ್ರಿಗಳು ತಮ್ಮ ತಲೆಯ ಮೇಲಿನ ಬಟ್ಟೆಯನ್ನು ಹಿಡಿದ ಗೂಟವನ್ನು ಎಂದಾದರೂ ಕಂಡಿದ್ದರೋ ಇಲ್ಲವೋ. 2017ರಲ್ಲಿ ಕಾರಿನ ಗೂಟಗಳು ಹೋದವು, ನೆಲದ ಗೂಟಗಳಿಗೂ ಈಗ ಜಾಗವಿಲ್ಲ.

ಮದುವೆಯ ಘಟನೆಯಾದ ಮೇಲೆ ನಾವು ಶಾಮಿಯಾನದ ಅಂಗಡಿಗಳಲ್ಲಿ ಆ ಚಾಚಾನನ್ನು ವಿಚಾರಿಸಿದೆವು. ಹೆಸರು ಗೊತ್ತಿಲ್ಲದವರನ್ನು ಹುಡುಕುವುದು ಹೇಗೆ? ಒಂದು ಅಂಗಡಿಯ ಹುಡುಗ, "ಹಳಬರೆಲ್ಲ ಬಿಟ್ರು ಸಾರ್, ಈಗ ಜಿಂಕ್ ಶೀಟ್ ಪೆಂಡಾಲ್ ಬಂದಿದೆ, ಅದಕ್ಕೆ ವೆಲ್ಡಿಂಗ್ ಗೊತ್ತಿದ್ರೆ ಸಾಕು" ಎಂದ. ಬಟ್ಟೆ ಹಾರಿದರೆ ಬಟ್ಟೆ ಬೀಳುತ್ತದೆ, ತಗಡು ಹಾರಿದರೆ ಕತ್ತಿ ಬೀಳುತ್ತದೆ ಎಂದು ಹೇಳಬೇಕೆನಿಸಿತು. ಅವನು ಫೋನಿನಲ್ಲಿದ್ದ.

ಈ ಏಪ್ರಿಲ್‌ನಲ್ಲಿ ಇಂದಿರಾನಗರ ದಾಟಿ ಕೆ.ಆರ್.ಪುರದ ಕಡೆ ಹೋಗುವಾಗ ಒಂದು ಕಟ್ಟಡದ ಕೆಲಸದ ಪಕ್ಕದ ಖಾಲಿ ಸೈಟಿನಲ್ಲಿ ನೀಲಿ ಟಾರ್ಪಾಲಿನ್ ಗುಡಾರಗಳನ್ನು ಕಂಡೆವು, ಹದಿನೈದೋ ಇಪ್ಪತ್ತೋ. ಮೇಲೆ ಕಲ್ಲು, ಸವೆದ ಟೈರು, ಮುರಿದ ಸೈಕಲ್ಲಿನ ಚಕ್ರ. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಯಾದಗಿರಿಯ ಕಡೆಯವಳೆಂದು ಮಾತಿನಿಂದಲೇ ತಿಳಿಯುತ್ತಿದ್ದ ಹೆಣ್ಣುಮಗಳೊಬ್ಬಳು ಮಗುವನ್ನು ಸೊಂಟದಲ್ಲಿರಿಸಿಕೊಂಡೇ ಹಗ್ಗವನ್ನು ಮಾಡಿನ ಮೇಲಿಂದ ಆಚೆಗೆಸೆದು, ಆ ಬದಿಗೆ ಹೋಗಿ, ಹಗ್ಗದ ತುದಿಗೆ ದೊಡ್ಡ ಕಲ್ಲೊಂದನ್ನು ಕಟ್ಟಿ ನೆಲಕ್ಕಿಳಿಸಿದಳು. ಪಡುವಣ ಬದಿಯದನ್ನು ಮೊದಲು ಕಟ್ಟಿದ್ದಳು. ಹಿಂಬದಿಯ ಪರದೆಯ ಒಂದು ಮೂಲೆಯನ್ನು ಮಾತ್ರ ಕಟ್ಟದೆ ಬಿಟ್ಟಳು. ಏಕವ್ವಾ ಎಂದು ಕೇಳಿದ್ದಕ್ಕೆ, "ಗಾಳಿ ಹೊಂಟ್ ಹೋಗ್ಲಿ ಬಿಡ್ರೀ ಅಣ್ಣಾರ" ಎಂದಳು.